ಟ್ರ್ಯಾಕ್ಟರಿನ ಇಂಜಿನನ್ನು ಬಿಚ್ಚಿ ಕಟ್ಟಿಸಿದ ಮೇಲೆ ನೀರು ಉಕ್ಕುವ ದೋಷ ಮತ್ತು ಅದರ ಪರೀಕ್ಷೆ

ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿಗೆ ಸೇರಿದ ಯಲವಿಗಿಯಲ್ಲಿಯೂ ಅದರ ಸುತ್ತಲಿನ ಗ್ರಾಮಗಳಲ್ಲಿಯೂ ಎರೆಭೂಮಿಯ ಉಳುಮೆ ಮತ್ತು ಮುಂಗಾರಿನ ಬಿತ್ತಿಗೆಗಳು ಈಗ ಬಹುಮಟ್ಟಿಗೆ ಟ್ರ್ಯಾಕ್ಟರನ್ನೇ ಅವಲಂಬಿಸಿವೆ. ಸವೆದ ಇಂಜಿನನ್ನು ಬೇಸಿಗೆಯಲ್ಲಿ ಬಿಚ್ಚಿಸಿ, ಹೊಸ ಲೈನರು, ಪಿಸ್ಟನ್ನು, ಗ್ಯಾಸ್ಕೆಟ್ಟುಗಳನ್ನು ಹಾಕಿಸಿ, ರೋಹಿಣಿ ಮಳೆಗೆ ಮುಂಚೆ ಸಿದ್ಧಪಡಿಸಿಕೊಳ್ಳುವದು ವಿವೇಕದ ಮಾತೇ ಸರಿ. ಆದರೆ ಹೀಗೆ ಕಟ್ಟಿಸಿದ ಇಂಜಿನು ಹೊಲಕ್ಕಿಳಿದ ಮೊದಲ ದಿನವೇ ರೇಡಿಯೇಟರಿನಿಂದ ನೀರನ್ನು ಉಕ್ಕಿಸತೊಡಗಿದರೆ ಒಡೆಯನಿಗೆ ದಿಕ್ಕೇ ತೋಚದಂತಾಗುವದು. ಮಿಸ್ತ್ರಿಯ ಕೆಲಸ ಕೆಟ್ಟಿತೆಂದು ಒಡೆಯನೂ, ರೇಡಿಯೇಟರೇ ಹಳೆಯದೆಂದು ಮಿಸ್ತ್ರಿಯೂ ವಾದಿಸುವರು. ಕೂಲಿಯ ಹಣ ನಿಲ್ಲುವದು, ವ್ಯಾಜ್ಯವು ಊರ ಹಿರಿಯರ ಮುಂದೆ ಬರುವದು, ಅಷ್ಟರಲ್ಲಿ ಹದವೂ ಮೀರಿಹೋಗುವದು.

ಇಂತಹ ಪ್ರಸಂಗದಲ್ಲಿ ಗ್ರಾಮದ ಮುಖಂಡರೂ ಭೂಮಾಲಿಕರೂ ನೆನಪಿನಲ್ಲಿಡತಕ್ಕ ನಿಯಮವು ಒಂದೇ: ಪರೀಕ್ಷೆಯಿಲ್ಲದೆ ಹೆಡ್ಡನ್ನು ಬಿಚ್ಚಬಾರದು, ಪರೀಕ್ಷೆಯಿಲ್ಲದೆ ಯಾರ ಮೇಲೂ ತಪ್ಪು ಹೊರಿಸಬಾರದು.

1. ಒತ್ತಡದ ಉಪಯೋಗ

ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವದು. ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ಅದು ಸುಮಾರು 98 ಡಿಗ್ರಿಗೇ ಕುದಿಯುವದು. ದುಡಿಯುವ ಇಂಜಿನಿಗೆ ಇದು ಸಾಲದು. ಆದಕಾರಣ ರೇಡಿಯೇಟರಿನ ಬಾಯಿಗೆ ಸ್ಪ್ರಿಂಗು ಕೂಡಿಸಿದ ಮುಚ್ಚಳವನ್ನಿಟ್ಟು, ಒಳಗೆ ಮಿತವಾದ ಒತ್ತಡವನ್ನು ಹಿಡಿದಿಡುವರು. ಹಲವು ಟ್ರ್ಯಾಕ್ಟರುಗಳಲ್ಲಿ ಈ ಒತ್ತಡವು ಚದರ ಇಂಚಿಗೆ 7 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕಿಲೋಗ್ರಾಮು. ಅಷ್ಟರಿಂದಲೇ ನೀರು ಸುಮಾರು 110 ಡಿಗ್ರಿಯವರೆಗೆ ಕುದಿಯದೆ ನಿಲ್ಲುವದು. ಹೆಚ್ಚಿನ ಒತ್ತಡವನ್ನು ಮುಚ್ಚಳವು ತಾನೇ ಹೊರಬಿಡುವದು. ಹಿಂದಿನ ಕಾಲದ ಉಗಿಬಂಡಿಗಳು ಸ್ಟೇಶನ್ನಿನಲ್ಲಿ ನಿಂತಾಗ ರಕ್ಷಕ ಕವಾಟದಿಂದ ಉಗಿ ಹೊಮ್ಮುತ್ತಿದ್ದುದನ್ನು ಬಲ್ಲ ಹಿರಿಯರಿಗೆ ಈ ಕ್ರಮವು ಸುಲಭವಾಗಿ ತಿಳಿದೀತು.

ಆದುದರಿಂದ ದೋಷಗಳು ಎರಡು ಬಗೆ. ಒತ್ತಡ ನಿಲ್ಲದಿದ್ದರೆ ನೀರು ಬೇಗ ಕುದಿಯುವದು. ಸಲ್ಲದ ಒತ್ತಡವು ಬೇರೆಡೆಯಿಂದ ಒಳಹೊಕ್ಕರೆ ಕುದಿಯದ ನೀರೂ ಹೊರಚೆಲ್ಲುವದು. ಇವೆರಡನ್ನು ಬೇರ್ಪಡಿಸಿ ತಿಳಿಯುವದೇ ಪರೀಕ್ಷೆಯ ಸಾರ.

2. ಎಚ್ಚರಿಕೆ

ಕಾದ ಇಂಜಿನಿನ ಮುಚ್ಚಳವನ್ನು ಎಂದಿಗೂ ತೆಗೆಯಕೂಡದು. ಒತ್ತಡ ತಪ್ಪಿದೊಡನೆ ನೀರು ಒಮ್ಮೆಲೆ ಉಗಿಯಾಗಿ ಮುಖಕ್ಕೆ ಹಾರುವದು. ಮೇಲಿನ ರಬ್ಬರ್ ನಳಿಗೆಯನ್ನು ಬರಿಗೈಯಿಂದ ಆರಾಮವಾಗಿ ಹಿಡಿಯುವಷ್ಟು ತಣಿದ ಮೇಲೆಯೇ ತೆಗೆಯಬೇಕು. ಕಾದ ಇಂಜಿನಿಗೆ ತಣ್ಣೀರನ್ನು ಸುರಿದರೆ ಹೆಡ್ಡು ಸೀಳುವ ಭಯವುಂಟು.

3. ಮೊದಲನೆಯ ಪರೀಕ್ಷೆ: ಸಿಕ್ಕಿಬಿದ್ದ ಗಾಳಿ

ಬಿಚ್ಚಿ ಕಟ್ಟಿದ ಇಂಜಿನಿನ ನೀರಿನ ಕೋಣೆಗಳು ಪೂರ್ತಿ ಬರಿದಾಗಿರುವವು. ಅವಸರದಿಂದ ನೀರು ತುಂಬಿದರೆ ಥರ್ಮೋಸ್ಟಾಟಿನ ಕೆಳಗೆ ಗಾಳಿಯು ಸಿಕ್ಕಿಕೊಳ್ಳುವದು. ಆಗ ಉಷ್ಣಮಾಪಕದ ಮುಳ್ಳು ತಟ್ಟನೆ ಏರಿ ಇಳಿಯುವದು, ಇಂಜಿನು ಕಾದಿದ್ದರೂ ಮೇಲಿನ ನಳಿಗೆ ತಣ್ಣಗಿರುವದು. ಇದು ದೋಷವಲ್ಲ, ತುಂಬುವ ಕ್ರಮದ ಕೊರತೆ ಮಾತ್ರ. ಮುಂದಿನ ಗಾಲಿಗಳು ಎತ್ತರಕ್ಕೆ ಬರುವಂತೆ ಟ್ರ್ಯಾಕ್ಟರನ್ನು ಏರಿನಲ್ಲಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಅಡೆಗಲ್ಲು ಕೊಟ್ಟು, ತಣ್ಣಗಿರುವಾಗಲೇ ಮುಚ್ಚಳ ತೆಗೆದು ನಿಧಾನವಾಗಿ ನೀರು ತುಂಬಬೇಕು. ನಂತರ ಇಂಜಿನನ್ನು ಮಂದಗತಿಯಲ್ಲಿ ನಡೆಸಿ, ಮಟ್ಟ ಇಳಿದಂತೆ ನೀರು ಕೂಡಿಸಬೇಕು. ಮೊದಮೊದಲು ಗುಳ್ಳೆಗಳು ಬಂದು ಕ್ರಮೇಣ ನಿಂತರೆ ಕಾರ್ಯವು ಮುಗಿದಂತೆ. ನಿಲ್ಲದಿದ್ದರೆ ಮುಂದಿನ ಪರೀಕ್ಷೆಗಳನ್ನು ನೋಡತಕ್ಕದ್ದು.

ರೇಡಿಯೇಟರನ್ನು ದಿನಾಲು ಬಾಯಿಮಟ್ಟ ತುಂಬುವ ಪದ್ಧತಿಯೂ ತಪ್ಪು. ಕಾದ ನೀರು ಹಿಗ್ಗುವದರಿಂದ ಹೆಚ್ಚಾದ ಪಾಲು ಹೊರಚೆಲ್ಲಿ ಮಟ್ಟವು ತನ್ನ ಸ್ಥಾನಕ್ಕೆ ನಿಲ್ಲುವದು. ಇದನ್ನು ರೋಗವೆಂದು ಭ್ರಮಿಸಬಾರದು.

4. ಎರಡನೆಯ ಪರೀಕ್ಷೆ: ಸೋರಿಕೆ ಮತ್ತು ಮುಚ್ಚಳ

ಮಾಪಕವಿರುವ ಒಂದು ಸಣ್ಣ ಕೈಪಂಪನ್ನು ರೇಡಿಯೇಟರಿನ ಬಾಯಿಗೆ ಕೂಡಿಸಿ, ತಣ್ಣಗಿರುವಾಗ ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡವನ್ನು ಕೊಟ್ಟು, 15 ನಿಮಿಷ ಕಾಯಬೇಕು. ಮುಳ್ಳು ಕದಲದಿದ್ದರೆ ಆಗ ಸೋರಿಕೆಯಿಲ್ಲವೆಂದು ತಿಳಿಯಬಹುದು. ಇಳಿದರೆ ನಳಿಗೆಯ ಪಟ್ಟಿಗಳು, ನೀರಿನ ಪಂಪಿನ ಕೆಳಗಿನ ರಂಧ್ರ, ರೇಡಿಯೇಟರಿನ ಬೆಸುಗೆ ಇವುಗಳಲ್ಲಿ ಪಸೆಯನ್ನು ಹುಡುಕಬೇಕು.

ಹೊರಗೆ ಎಲ್ಲಿಯೂ ಹನಿಯಿಲ್ಲದೆ ಮುಳ್ಳು ಇಳಿದರೆ ನೀರು ಒಳಗೆ ಹೋಗುತ್ತಿರುವದು. ರಾತ್ರಿಯೆಲ್ಲ ನಿಂತ ಇಂಜಿನಿನ ಎಣ್ಣೆತೊಟ್ಟಿಯ ಬಿರಡೆಯನ್ನು ಬೆಳಿಗ್ಗೆ ಚಾಲೂ ಮಾಡುವ ಮೊದಲು ತುಸುವೇ ಸಡಿಲಿಸಿ ನೋಡಬೇಕು. ನೀರು ಎಣ್ಣೆಗಿಂತ ಭಾರವಾದ್ದರಿಂದ, ಇದ್ದರೆ ಅದೇ ಮೊದಲು ಬರುವದು. ಲೈನರಿನ ಬುಡದ ರಬ್ಬರ್ ಬಳೆಗಳು ಜೋಡಿಸುವಾಗ ಕತ್ತರಿಸಿದ್ದರೆ ಹೀಗಾಗುವದುಂಟು. ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಇಂಜಿನನ್ನು ಒಂದು ಕ್ಷಣವೂ ನಡೆಸಬಾರದು, ಬೇರಿಂಗುಗಳು ಹಾಳಾಗುವವು.

ಮುಚ್ಚಳವನ್ನೂ ಅದೇ ಪಂಪಿನಿಂದ ಪರೀಕ್ಷಿಸಬೇಕು. ಸ್ಪ್ರಿಂಗು ಸೋತಿದ್ದರೆ ಒತ್ತಡ ನಿಲ್ಲದು. ಮುಚ್ಚಳದೊಳಗಿನ ಕಿರುಕವಾಟ ಅಂಟಿಕೊಂಡಿದ್ದರೆ, ಇಂಜಿನು ತಣಿದಾಗ ನಳಿಗೆಯು ಚಪ್ಪಟೆಯಾಗುವದು. ಅಲ್ಪ ಬೆಲೆಯ ಈ ಮುಚ್ಚಳಕ್ಕಾಗಿ ಹೆಡ್ಡನ್ನು ಬಿಚ್ಚಿಸುವದು ಅವಿವೇಕ. ಆದರೆ ನೀರು ಉಕ್ಕುವದೆಂದು ಹೆಚ್ಚು ಪೌಂಡಿನ ಮುಚ್ಚಳವನ್ನು ಬಿಗಿಯುವದು ಇನ್ನೂ ಅಪಾಯ. ನಳಿಗೆಯಾಗಲಿ ರೇಡಿಯೇಟರಾಗಲಿ ಒಡೆಯುವದು.

5. ಮೂರನೆಯ ಪರೀಕ್ಷೆ: ಉರಿಯ ಅನಿಲ

ಡೀಸೆಲು ಉರಿಯುವಾಗ ಸಿಲಿಂಡರಿನೊಳಗಿನ ಒತ್ತಡವು ಚದರ ಸೆಂಟಿಮೀಟರಿಗೆ 50 ಕಿಲೋಗ್ರಾಮನ್ನೂ ಮೀರುವದು. ಇದು ರೇಡಿಯೇಟರಿನ ಒತ್ತಡದ ನೂರು ಪಾಲಿಗೂ ಹೆಚ್ಚು. ಹೆಡ್ಡಿನ ಗ್ಯಾಸ್ಕೆಟ್ಟಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಅನಿಲವು ನೀರಿಗೆ ನುಗ್ಗಿ ಅದನ್ನು ಹೊರದೂಡುವದು. ಇದರ ಗುರುತುಗಳು:

ಅ) ತಣ್ಣಗಿನ ಇಂಜಿನಿಗೆ ಮಾಪಕವನ್ನು ಕೂಡಿಸಿ ಚಾಲೂ ಮಾಡಿದರೆ, ಒಂದು ನಿಮಿಷದೊಳಗಾಗಿ ಮುಳ್ಳು ಏರತೊಡಗುವದು. ನೀರಿನ್ನೂ ಕಾಯದಿರುವಾಗ ಏರುವ ಒತ್ತಡವು ಶಾಖದ್ದಲ್ಲ. ಮುಳ್ಳು ಏರಿದ ಕೂಡಲೇ ಇಂಜಿನನ್ನು ನಿಲ್ಲಿಸಬೇಕು.

ಆ) ದುಡಿದ ಇಂಜಿನು ರಾತ್ರಿಯೆಲ್ಲ ತಣಿದ ಮೇಲೂ, ಬೆಳಿಗ್ಗೆ ಮುಚ್ಚಳ ತೆರೆದಾಗ ಬುಸ್ಸೆಂದು ಗಾಳಿ ಹೊರಡುವದು.

ಇ) ಗಾಳಿ ತೆಗೆದ ಮೇಲೆಯೂ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಎಡೆಬಿಡದೆ ಬರುವವು, ವೇಗ ಹೆಚ್ಚಿಸಿದರೆ ಅವೂ ಹೆಚ್ಚುವವು.

ಈ) ರೇಡಿಯೇಟರಿನ ಬಾಯಿಯ ಗಾಳಿಯನ್ನು ಪರೀಕ್ಷೆಯ ನೀಲಿ ದ್ರವದ ಮೂಲಕ ಎಳೆದರೆ, ಅದು ಹಸಿರಿಗೆ ಅಥವಾ ಹಳದಿಗೆ ತಿರುಗುವದು.

ಇವುಗಳಲ್ಲಿ ಎರಡು ಗುರುತುಗಳಾದರೂ ಕೂಡಿಬಂದರೆ ಹೆಡ್ಡನ್ನು ಬಿಚ್ಚುವದು ನ್ಯಾಯ. ಬಿಚ್ಚಿದಾಗ ಹೊಸ ಗ್ಯಾಸ್ಕೆಟ್ಟನ್ನು ಹಾಕಿ ಮುಚ್ಚಿದರೆ ಸಾಲದು; ಕಾರಣವನ್ನು ಕಾಣಬೇಕು. ಹೆಡ್ಡಿನ ಮೈ ಸಮವಾಗಿದೆಯೇ ಎಂಬುದನ್ನು ನೇರಪಟ್ಟಿಯಿಂದಲೂ ತೆಳುತಗಡುಗಳಿಂದಲೂ ಅಳೆಯಬೇಕು. ಲೈನರುಗಳು ಬ್ಲಾಕಿನ ಮೇಲೆ ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟು ಎದ್ದಿವೆಯೇ ನೋಡಬೇಕು. ಬೋಲ್ಟಿನ ಕುಳಿಗಳಲ್ಲಿ ಎಣ್ಣೆ ನೀರು ನಿಂತಿರಬಾರದು. ನಿಂತಿದ್ದರೆ ಬೋಲ್ಟು ಬಿಗಿಯದೆ ಬಿಗಿದಂತೆ ತೋರುವದು. ಬೋಲ್ಟುಗಳನ್ನು ಅಳತೆಯ ಪಾನದಿಂದ, ಕೈಪಿಡಿಯ ಕ್ರಮದಂತೆ, ಹಂತಹಂತವಾಗಿ ಬಿಗಿಯತಕ್ಕದ್ದು; ಈ ಕ್ರಮವು ಸಾಮಾನ್ಯವಾಗಿ ನಡುವಿನಿಂದ ಅಂಚಿಗೆ ಸಾಗುವದು.

6. ಒತ್ತಡ ಸರಿಯಿದ್ದೂ ಕಾದರೆ

ಮೂರೂ ಪರೀಕ್ಷೆಗಳು ಶುದ್ಧವಾಗಿದ್ದು ಇಂಜಿನು ಇನ್ನೂ ಕಾದರೆ ರೇಡಿಯೇಟರಿನ ಎಸಳುಗಳಲ್ಲಿ ಹೊಟ್ಟು, ಧೂಳು, ಎರೆಮಣ್ಣು ತುಂಬಿರಬಹುದು. ಕೊಳವೆಬಾವಿಯ ಗಡಸು ನೀರಿನಿಂದ ನಳಿಗೆಗಳೊಳಗೆ ಸುಣ್ಣ ಕಟ್ಟಿರಬಹುದು. ಫ್ಯಾನಿನ ಪಟ್ಟಿ ಸಡಿಲಾಗಿರಬಹುದು, ಥರ್ಮೋಸ್ಟಾಟು ತೆರೆಯದಿರಬಹುದು. ಇನ್ನು ಮುಂದೆ ಕೈಪಿಡಿಯಲ್ಲಿ ಹೇಳಿದ ಕೂಲೆಂಟನ್ನೇ ಹಾಕುವದು ಲೇಸು. ಅದು ತುಕ್ಕನ್ನು ತಡೆಯುವದು.

7. ಹಿರಿಯರಿಗೆ ಸೂಚನೆ

ವ್ಯಾಜ್ಯವು ಮುಂದೆ ಬಂದಾಗ ಒಡೆಯನನ್ನೂ ಮಿಸ್ತ್ರಿಯನ್ನೂ ಎದುರಿಗಿರಿಸಿ, ಮೇಲ್ಕಾಣಿಸಿದ ಪರೀಕ್ಷೆಗಳನ್ನು ಅದೇ ಕ್ರಮದಲ್ಲಿ ಮಾಡಿಸಿ, ಮಾಪಕದ ಅಂಕೆ ಮತ್ತು ವೇಳೆಯನ್ನು ಒಂದು ಕಾಗದದಲ್ಲಿ ಬರೆಯಿಸಬೇಕು. ಬಿಗಿತದ ಕ್ರಮ ತಪ್ಪಿದ್ದರೆ ಅಥವಾ ಲೈನರಿನ ಬಳೆ ಕತ್ತರಿಸಿದ್ದರೆ ಹೊಣೆಯು ಮಿಸ್ತ್ರಿಯದು. ರೇಡಿಯೇಟರು ಕಟ್ಟಿದ್ದರೆ, ಅಥವಾ ಉಕ್ಕುವದನ್ನು ಕಂಡೂ ಉಳುಮೆ ಮುಂದುವರಿಸಿ ಹೆಡ್ಡು ಬಾಗಿದ್ದರೆ ಒಡೆಯನದು. ಮುಚ್ಚಳವೊಂದೇ ಸೋತಿದ್ದರೆ ಜಗಳಕ್ಕೆ ಆಸ್ಪದವೇ ಇಲ್ಲ.

ಕೈಪಂಪು ಮತ್ತು ಮಾಪಕವನ್ನು ನಾಲ್ಕಾರು ಟ್ರ್ಯಾಕ್ಟರಿನ ಒಡೆಯರು ಕೂಡಿ ಕೊಂಡು ಊರಿನಲ್ಲಿಡುವದು ಉತ್ತಮ. ಇಂಜಿನನ್ನು ಕಟ್ಟಿಸಿದ ಪ್ರತಿಯೊಬ್ಬರೂ ಹೊಲಕ್ಕಿಳಿಯುವ ಮೊದಲೇ ಮನೆಯ ಅಂಗಳದಲ್ಲಿ ಈ ಪರೀಕ್ಷೆಗಳನ್ನು ಮುಗಿಸತಕ್ಕದ್ದು. ಬೇಸಿಗೆಯಲ್ಲಿ ಒಂದು ಬೆಳಗನ್ನು ಇದಕ್ಕೆ ವೆಚ್ಚಮಾಡಿದವನು ಮೃಗಶಿರದ ಹದದಲ್ಲಿ ಬಿತ್ತಿಗೆಯ ದಿನಗಳನ್ನು ಕಳೆದುಕೊಳ್ಳುವ ಭಯದಿಂದ ಬಹುಮಟ್ಟಿಗೆ ಪಾರಾಗುವನು.