ಪಪ್ಪಾಯಿ: ಲಘು ಪೋಷಕಾಂಶಗಳ ಸಿಂಪಡಣೆ

ಘತ್ತರಗಿಯು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಡದಲ್ಲಿದೆ. ಈ ಭಾಗದ ಸುಣ್ಣಯುಕ್ತ ಕಪ್ಪು ಮಣ್ಣಿನಲ್ಲಿ ರಸಸಾರ ಹೆಚ್ಚಿರುವುದರಿಂದ ಸತು, ಕಬ್ಬಿಣಗಳು ಪಪ್ಪಾಯಿಯ ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ. ಎಲೆಗೆ ಸಿಂಪಡಿಸಿದರೆ ಗಿಡ ಅವನ್ನು ನೇರವಾಗಿ ಹೀರಿಕೊಳ್ಳುತ್ತದೆ.

ಕೊರತೆಯ ಲಕ್ಷಣಗಳು: ಸತು ಕಡಿಮೆಯಾದರೆ ಎಲೆ ಕಿರಿದಾಗುತ್ತದೆ. ಕಬ್ಬಿಣ ಕಡಿಮೆಯಾದರೆ ನರಗಳು ಹಸಿರಾಗಿಯೇ ಉಳಿದು ಎಳೆ ಎಲೆ ಹಳದಿಯಾಗುತ್ತದೆ. ಬೋರಾನ್ ಕಡಿಮೆಯಾದರೆ ಕಾಯಿಯ ಮೈ ಗಂಟುಗಂಟಾಗಿ ಹಾಲು ಒಸರುತ್ತದೆ. ಅಂಥ ಹಣ್ಣಿಗೆ ಬೆಲೆ ಸಿಗದು.

ಪ್ರಮಾಣ: ಲೀಟರ್ ನೀರಿಗೆ ಸತುವಿನ ಸಲ್ಫೇಟ್ 5 ಗ್ರಾಂ (ಶೇ 0.5), ಬೋರಿಕ್ ಆಮ್ಲ 1 ಗ್ರಾಂ (ಶೇ 0.1).

ಕಾಲ: ನೆಟ್ಟ 4 ಮತ್ತು 8ನೇ ತಿಂಗಳು; ಬಿಸಿಲಿಳಿದ ಹೊತ್ತು.

ಫಲ: ಕಾಯಿಕಟ್ಟುವಿಕೆ, ಹಣ್ಣಿನ ಆಕಾರ ಮತ್ತು ಇಳುವರಿ ಸುಧಾರಿಸುತ್ತವೆ. ಸಿಂಪಡಣೆಯು ಕೊಟ್ಟಿಗೆ ಗೊಬ್ಬರ, ಸಾರಜನಕ, ರಂಜಕ, ಪೊಟ್ಯಾಷ್‌ಗಳಿಗೆ ಪೂರಕವೇ ಹೊರತು ಬದಲಿಯಲ್ಲ.