ಮಿಶ್ರ ಕಾಳುಗಳ ಅಡಿಗೆಯೂ ಅವುಗಳ ಪೋಷಣಶಕ್ತಿಯೂ

ರಾಗಿಯ ಹೊಲದಲ್ಲಿ ಅಕ್ಕಡಿಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆಗಳನ್ನು ಬೆಳೆಯುವುದು ಮೈಸೂರು ಸೀಮೆಯ ರೈತರ ಹಳೆಯ ಪದ್ಧತಿ. ಈ ಬೆಳೆಗಳ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಭೂಮಿಗೆ ಸತ್ವವೊದಗುವುದೆಂಬುದು ಅನೇಕರಿಗೆ ತಿಳಿದೇ ಇದೆ. ಆದರೆ ಅದೇ ಕಾಳುಗಳು ಮನೆಮಂದಿಯ ದೇಹಕ್ಕೂ ಅಷ್ಟೇ ಅವಶ್ಯಕವೆಂಬುದನ್ನು ಹಲವರು ಮರೆಯುವುದುಂಟು. ಸುಗ್ಗಿಯಲ್ಲಿ ಕಾಳೆಲ್ಲವನ್ನೂ ಮಾರಿ, ಮುಂಗಾರಿನ ದುಡಿಮೆಯ ದಿನಗಳಲ್ಲಿ ಮುದ್ದೆಗೆ ತಿಳಿಸಾರನ್ನೇ ನೆಚ್ಚುವ ಮನೆಯಲ್ಲಿ ಮೊದಲು ಸೊರಗುವವರು ಮಕ್ಕಳೂ ಬಸುರಿ ಬಾಣಂತಿಯರೂ.

ದೇಹದ ಮಾಂಸಖಂಡಗಳು ಬೆಳೆಯುವುದಕ್ಕೆ ಸಸಾರಜನಕ ಪದಾರ್ಥವು ಬೇಕು. ನೂರು ಭಾಗ ರಾಗಿಯಲ್ಲಿ ಇದು ಸುಮಾರು 7 ಭಾಗವಿದ್ದರೆ, ಹುರುಳಿ, ಅವರೆ, ಅಲಸಂದೆ, ಹೆಸರುಗಳಲ್ಲಿ 20ರಿಂದ 25 ಭಾಗದವರೆಗೆ ಇರುವುದು. ಧಾನ್ಯಗಳಲ್ಲಿ ಕಡಮೆಯಾದ ಲೈಸಿನ್ ಎಂಬ ಅಂಶವು ಕಾಳುಗಳಲ್ಲಿ ಹೇರಳವಾಗಿದೆ. ಕಾಳುಗಳಲ್ಲಿ ಕಡಮೆಯಾದ ಮೆಥಿಯೋನಿನ್ ಧಾನ್ಯಗಳಿಂದ ದೊರೆಯುವುದು. ಒಂದರ ಕೊರತೆಯನ್ನು ಮತ್ತೊಂದು ತುಂಬುವುದರಿಂದ, ಮೂರು ನಾಲ್ಕು ಭಾಗ ಧಾನ್ಯಕ್ಕೆ ಒಂದು ಭಾಗ ಕಾಳು ಸೇರಿದ ಊಟವು ಉತ್ತಮವಾದುದು.

ಕಾಳುಗಳನ್ನು ಬೆರಸಿ ಬೇಯಿಸುವುದರಲ್ಲಿ ಒಂದು ತೊಡಕುಂಟು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಹೆಸರು ಕರಗಿಹೋಗುವುದು, ಹುರುಳಿ ಗಟ್ಟಿಯಾಗಿಯೇ ಉಳಿಯುವುದು. ಆದುದರಿಂದ ಹುರುಳಿ, ಕಡಲೆ, ಒಣ ಅವರೆಗಳನ್ನು ರಾತ್ರಿಯೇ ನೆನೆಯಿಟ್ಟು, ಬೆಳಗ್ಗೆ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೊದಲು ಒಲೆಗೇರಿಸಬೇಕು. ಅವು ಅರೆ ಬೆಂದ ಮೇಲೆ ಅಲಸಂದೆಯನ್ನೂ ಕಡೆಗೆ ಹೆಸರನ್ನೂ ಹಾಕತಕ್ಕದ್ದು. ಹುಳಿಯನ್ನು ಮೊದಲೇ ಬೆರಸಿದರೆ ಕಾಳು ಮೆತ್ತಗಾಗಲು ತಡವಾಗುವುದು. ಬೇಗ ಬೇಯಲೆಂದು ಅಡಿಗೆ ಸೋಡವನ್ನು ಹಾಕಿದರೆ ಥಯಾಮಿನ್ ಎಂಬ ಜೀವಸತ್ವವು ನಷ್ಟವಾಗುವುದು. ಬಸಿದ ಕಟ್ಟನ್ನು ಚೆಲ್ಲದೆ ಸಾರಿಗೆ ಉಪಯೋಗಿಸಬೇಕು. ಕಾಳನ್ನು ಮೊಳಕೆ ಬರಿಸಿದರೆ ಸಿ ಜೀವಸತ್ವವು ಹೆಚ್ಚುವುದು. ಪಾತ್ರೆಯನ್ನು ಇಳಿಸಿದ ಮೇಲೆ ನಿಂಬೆಯ ರಸವನ್ನು ಹಿಂಡಿದರೆ ಕಾಳಿನಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಚೆನ್ನಾಗಿ ಹತ್ತುವುದು.

ಹಳೆಯ ಕಾಳು ಬೇಯುವುದು ಕಷ್ಟ. ಹುಳು ಬಿದ್ದ ಕಾಳು ತಿನ್ನಲು ಅಯೋಗ್ಯ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಕಿಲೋಗ್ರಾಮಿಗೆ ಒಂದು ಸಣ್ಣ ಚಮಚದಷ್ಟು ಅಡಿಗೆ ಎಣ್ಣೆಯನ್ನು ಸವರಿ, ಬಾಯಿ ಬಿಗಿದ ಪಾತ್ರೆಯಲ್ಲಿಟ್ಟರೆ ಹುಳುವಿನ ಬಾಧೆ ಕಡಮೆಯಾಗುವುದು.

ತಲೆಗೆ ದಿನಕ್ಕೆ 80 ಗ್ರಾಮಿನಂತೆ ಐದು ಮಂದಿಯ ಸಂಸಾರಕ್ಕೆ ವರ್ಷಕ್ಕೆ 146 ಕಿಲೋಗ್ರಾಂ, ಎಂದರೆ ಸುಮಾರು ಒಂದೂವರೆ ಕ್ವಿಂಟಾಲ್ ಕಾಳು ಬೇಕಾಗುವುದು. ಊರಿನ ಹಿರಿಯರೂ ಜಮೀನುದಾರರೂ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟು, ಮನೆಯ ಪಾಲನ್ನು ಎತ್ತಿಟ್ಟ ಬಳಿಕವೇ ಉಳಿದುದನ್ನು ಸಂತೆಗೆ ಕಳುಹಿಸುವುದು ಶ್ರೇಯಸ್ಕರ. ಅವರು ನಡೆದುದನ್ನು ಕಂಡು ಉಳಿದವರೂ ನಡೆಯುವರು.