ಇದ್ದುದರಲ್ಲಿ ಬಿಸಿ ಊಟ: ಡಬ್ಬಿಯ ದಿನಸಿ ಮತ್ತು ಉಳಿದ ಅಡುಗೆಯ ಬಳಕೆ

ಉದ್ಯೋಗನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ರಾತ್ರಿಯ ಅಡುಗೆಗೆಂದು ದೊರೆಯುವ ಸಮಯ ಅತ್ಯಲ್ಪ. ಪತಿ-ಪತ್ನಿಯರಿಬ್ಬರೂ ದುಡಿಯುವ ಮನೆಗಳಲ್ಲಿ, ರೈಲು ಅಥವಾ ಬಸ್ಸಿನ ಪ್ರಯಾಣ ಮುಗಿಸಿ ಮನೆ ಸೇರುವಾಗ ಎಂಟು ಗಂಟೆ ದಾಟಿರುವುದುಂಟು. ಅಂದು ತರಕಾರಿ ತರಲು ಸಾಧ್ಯವಾಗಿರುವುದಿಲ್ಲ, ಮಕ್ಕಳು ಹಸಿದಿರುತ್ತಾರೆ. ಇಂತಹ ಸಂದರ್ಭದಲ್ಲಿ ಹೊರಗಿನಿಂದ ಕರಿದ ತಿಂಡಿಯನ್ನು ತರಿಸುವುದು, ಇಲ್ಲವೇ ಬೆಳಗಿನ ಅನ್ನವನ್ನು ತಣ್ಣಗೆ ಉಂಡು ಮಲಗುವುದು ರೂಢಿಯಾಗುತ್ತಿದೆ. ಇವೆರಡೂ ಅನಿವಾರ್ಯವಲ್ಲ. ಮನೆಯ ಡಬ್ಬಿಗಳಲ್ಲಿರುವ ದಿನಸಿ ಮತ್ತು ಹಿಂದಿನ ಹೊತ್ತಿನ ಉಳಿಕೆಯಿಂದ ಹದಿನೈದು-ಇಪ್ಪತ್ತು ನಿಮಿಷಗಳಲ್ಲಿ ಪುಷ್ಟಿಕರವಾದ ಬಿಸಿ ಊಟವನ್ನು ಸಿದ್ಧಪಡಿಸಬಹುದು. ಆದರೆ ಉಳಿದ ಅಡುಗೆಯನ್ನು ಬಳಸುವಾಗ ಕೆಲವು ನಿಯಮಗಳನ್ನು ಪಾಲಿಸುವುದು ಅವಶ್ಯಕ.

ಡಬ್ಬಿಯಲ್ಲಿ ಇರಬೇಕಾದುದು

ರವೆ, ದಪ್ಪ ಅವಲಕ್ಕಿ, ಹೆಸರುಬೇಳೆ, ಕಡಲೆಹಿಟ್ಟು, ಶೇಂಗಾ, ಹುಣಸೆಹಣ್ಣು, ಬೆಲ್ಲ, ಚಟ್ನಿಪುಡಿ ಮತ್ತು ಒಗ್ಗರಣೆಯ ಸಾಮಗ್ರಿ ಇಷ್ಟಿದ್ದರೆ ಯಾವ ಮನೆಯಲ್ಲಿಯೂ ರಾತ್ರಿ ಒಲೆ ಹಚ್ಚಲು ಹಿಂಜರಿಯಬೇಕಾಗಿಲ್ಲ. ರವೆಯನ್ನು ತಂದ ದಿನವೇ ಹುರಿದಿಟ್ಟರೆ ಹುಳು ಬೀಳುವುದು ಕಡಿಮೆಯಾಗುವುದಲ್ಲದೆ, ಉಪ್ಪಿಟ್ಟಿನ ಅರ್ಧ ಕೆಲಸ ಮುಗಿದಂತಾಗುತ್ತದೆ. ಮುಂಬಯಿ, ಚೆನ್ನೈಗಳಂತಹ ತೇವದ ಹವೆಯಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಉಪಯುಕ್ತ. ಅವಲಕ್ಕಿಯನ್ನು ತೊಳೆದು ಹುಣಸೆರಸ, ಬೆಲ್ಲ ಮತ್ತು ಸಾರಿನ ಪುಡಿಯಲ್ಲಿ ನೆನೆಯಿಸಿ ಒಗ್ಗರಣೆ ಹಾಕಿದರೆ ಗೊಜ್ಜವಲಕ್ಕಿ ಸಿದ್ಧ. ಇವುಗಳ ವಿಧಾನ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಕೊರತೆಯಿಂದಲೇ ಹುಟ್ಟಿ ನಿತ್ಯದ ಆಹಾರವಾಗಿ ನೆಲೆನಿಂತ ತಿಂಡಿಗಳು ನಮ್ಮಲ್ಲಿ ಹಲವಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಉಂಟಾದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನಲ್ಲಿ ರವೆ ಇಡ್ಲಿಯನ್ನು ಮೊದಲು ತಯಾರಿಸಲಾಯಿತೆಂದು ಆ ಸಂಸ್ಥೆಯವರು ಹೇಳುತ್ತಾರೆ. ಇದ್ದುದರಲ್ಲಿ ಅಡುಗೆ ಮಾಡುವುದು ಬಡತನದ ಲಕ್ಷಣವೆಂದು ಸಂಕೋಚಪಡಲು ಕಾರಣವಿಲ್ಲ.

ಉಳಿದ ಅನ್ನ

ಚಿತ್ರಾನ್ನ, ಒಗ್ಗರಣೆ ಅನ್ನ, ಪುಳಿಯೋಗರೆ ಇವೆಲ್ಲವೂ ಉಳಿದ ಅನ್ನಕ್ಕೆ ಹೇಳಿ ಮಾಡಿಸಿದಂತಹವು. ಆರಿದ ಅನ್ನ ಉದುರುದುರಾಗಿರುವುದರಿಂದ ಬಿಸಿ ಅನ್ನಕ್ಕಿಂತಲೂ ಇವುಗಳಿಗೆ ಅದೇ ಮೇಲು. ಮಹಾರಾಷ್ಟ್ರದ ಮನೆಗಳಲ್ಲಿ ಇದೇ ಪದಾರ್ಥ ಫೋಡಣೀಚಾ ಭಾತ್ ಎನಿಸಿಕೊಳ್ಳುತ್ತದೆ. ನಮ್ಮ ಒಗ್ಗರಣೆ ಮರಾಠಿಯಲ್ಲಿ ಫೋಡಣಿ, ತೆಲುಗಿನಲ್ಲಿ ಪೋಪು, ತಮಿಳಿನಲ್ಲಿ ತಾಳಿಪ್ಪು, ಹಿಂದಿಯಲ್ಲಿ ತಡ್ಕಾ. ಹೆಸರು ಬೇರೆಯಾದರೂ ಸಾಸಿವೆ ಅಥವಾ ಜೀರಿಗೆ ಸಿಡಿಯುವ ಸದ್ದು ಎಲ್ಲೆಡೆಯೂ ಒಂದೇ. ಅನ್ನ ಇನ್ನೂ ಮೆತ್ತಗಾಗಿದ್ದರೆ ಅದನ್ನು ಹಿಸುಕಿ ಅಕ್ಕಿಹಿಟ್ಟು, ಈರುಳ್ಳಿ, ಜೀರಿಗೆ, ಕೊತ್ತಂಬರಿ ಸೊಪ್ಪಿನೊಡನೆ ಕಲಸಿ ರೊಟ್ಟಿ ತಟ್ಟಬಹುದು. ಅನ್ನ ಸೇರಿದ ಅಕ್ಕಿರೊಟ್ಟಿ ಆರಿದ ಮೇಲೂ ಮೆದುವಾಗಿರುತ್ತದೆ.

ಆದರೆ ಉಳಿಕೆಗಳೆಲ್ಲದರಲ್ಲಿ ಹೆಚ್ಚಿನ ಜಾಗರೂಕತೆಯನ್ನು ಬೇಡುವುದೂ ಅನ್ನವೇ. ಇದರ ಕಾರಣವನ್ನು ತಿಳಿಯುವುದು ಅವಶ್ಯಕ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುವುದು ಸಾಮಾನ್ಯ. ಅಕ್ಕಿಯನ್ನು ಬೇಯಿಸಿದಾಗ ಇತರ ಸೂಕ್ಷ್ಮಜೀವಿಗಳು ಸತ್ತರೂ ಈ ಬೀಜಾಣುಗಳು ಉಳಿದುಕೊಳ್ಳುತ್ತವೆ. ಬೆಂದ ಅನ್ನವನ್ನು ಪಾತ್ರೆಯಲ್ಲಿಯೇ ಮುಚ್ಚಿಟ್ಟರೆ ಅದರ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗಿರುತ್ತದೆ. ಆಗ ಬೀಜಾಣುಗಳು ಮೊಳೆತು, ಬ್ಯಾಕ್ಟೀರಿಯಾ ವೃದ್ಧಿಸಿ, ಒಂದು ಬಗೆಯ ವಿಷವಸ್ತುವನ್ನು ಉತ್ಪಾದಿಸಬಹುದು. ಈ ವಿಷವಸ್ತು ಶಾಖಕ್ಕೆ ನಾಶವಾಗುವುದಿಲ್ಲ. ಅರ್ಥಾತ್, ಮಧ್ಯಾಹ್ನದಿಂದ ಅಡುಗೆಮನೆಯ ಕಟ್ಟೆಯ ಮೇಲಿದ್ದ ಅನ್ನವನ್ನು ರಾತ್ರಿ ಎಷ್ಟೇ ಚೆನ್ನಾಗಿ ಹುರಿದರೂ, ನಿಂಬೆಹುಳಿ ಹಿಂಡಿದರೂ, ಅದಾಗಲೇ ಉಂಟಾಗಿರುವ ದೋಷ ನಿವಾರಣೆಯಾಗದು. ವಾಸನೆ ನೋಡಿ ತೀರ್ಮಾನಿಸುವ ಪದ್ಧತಿಯೂ ಇಲ್ಲಿ ನಂಬಲರ್ಹವಲ್ಲ. ಕೆಟ್ಟ ವಾಸನೆ ಬಾರದ ಅನ್ನದಲ್ಲಿಯೂ ಅದು ಇರಬಹುದು.

ಇಂತಹ ಅನ್ನವನ್ನು ಉಂಡ ಕೆಲವೇ ಗಂಟೆಗಳಲ್ಲಿ, ಸಾಮಾನ್ಯವಾಗಿ ಆರು ಗಂಟೆಗಳೊಳಗೆ, ವಾಕರಿಕೆ ಮತ್ತು ವಾಂತಿ ಕಾಣಿಸಿಕೊಳ್ಳುತ್ತವೆ. ಇದೇ ಬ್ಯಾಕ್ಟೀರಿಯಾದ ಇನ್ನೊಂದು ವಿಷವಸ್ತುವಿನಿಂದ ತಡವಾಗಿ ಹೊಟ್ಟೆನೋವು, ಭೇದಿ ಉಂಟಾಗುವುದೂ ಉಂಟು. ಆರೋಗ್ಯವಂತರಲ್ಲಿ ಇದು ಬಹುಮಟ್ಟಿಗೆ ಒಂದು ದಿನದಲ್ಲಿ ಶಮನವಾಗುತ್ತದೆ. ಚಿಕ್ಕ ಮಕ್ಕಳಲ್ಲಿ ಹಾಗೂ ವೃದ್ಧರಲ್ಲಿ ಮಾತ್ರ ದೇಹದ ನೀರಿನಂಶ ಬೇಗನೆ ಕುಗ್ಗುವುದರಿಂದ ಓಆರ್‌ಎಸ್ ದ್ರಾವಣವನ್ನು ಕೊಡುತ್ತಾ, ವಾಂತಿ ನಿಲ್ಲದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಆದುದರಿಂದ ಉಳಿದ ಅನ್ನದ ಪಾಲನೆ ಊಟ ಮುಗಿದೊಡನೆಯೇ ಆರಂಭವಾಗಬೇಕು. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ ಬೇಗ ಆರಿಸಿ, ಸಾಧ್ಯವಾದರೆ ಒಂದು ಗಂಟೆಯೊಳಗೆ ಮುಚ್ಚಳವಿರುವ ಡಬ್ಬಿಗೆ ತುಂಬಿ ಶೀತಕಪೆಟ್ಟಿಗೆಯಲ್ಲಿ, ಅಂದರೆ ಫ್ರಿಜ್ಜಿನಲ್ಲಿ ಇಡಬೇಕು. ಬೇಯಿಸಿದ ಯಾವುದೇ ಆಹಾರವನ್ನು ಹೊರಗಿನ ಉಷ್ಣತೆಯಲ್ಲಿ ಎರಡು ಗಂಟೆಗಳಿಗಿಂತ ಹೆಚ್ಚು ಕಾಲ ಬಿಡಬಾರದು, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಇರಿಸಬೇಕು, ಪುನಃ ಬಿಸಿಮಾಡುವಾಗ 70 ಡಿಗ್ರಿಗಿಂತ ಹೆಚ್ಚು ಕಾಯಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮನೆಯಲ್ಲಿ ಉಷ್ಣತಾಮಾಪಕವಿರುವುದಿಲ್ಲ, ನೀರು ಚಿಮುಕಿಸಿ, ಮುಚ್ಚಿ, ಪಾತ್ರೆಯ ನಡುವಿನಿಂದಲೂ ಹಬೆ ಏಳುವವರೆಗೆ ಕಾಯಿಸಿದರೆ ಸಾಕು. ಹೀಗೆ ಇರಿಸಿದ ಅನ್ನವನ್ನು ಮರುದಿನದೊಳಗೆ ಬಳಸಿಬಿಡಬೇಕು. ಒಮ್ಮೆ ಬಿಸಿಮಾಡಿದ್ದನ್ನು ಮತ್ತೆ ಎತ್ತಿಡುವುದು ತರವಲ್ಲ. ವಿದ್ಯುತ್ ನಿಂತಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆಗಳ ಕಾಲ ತಂಪನ್ನು ಕಾಯ್ದುಕೊಳ್ಳುತ್ತದೆ. ಫ್ರಿಜ್ಜು ಇಲ್ಲದ ಮನೆಯವರು ಅನ್ನವನ್ನು ಉಳಿಸುವ ಯೋಜನೆಯನ್ನೇ ಕೈಬಿಟ್ಟು, ಆಯಾ ಹೊತ್ತಿಗೆ ತಕ್ಕಷ್ಟೇ ಅಳೆದು ಬೇಯಿಸುವುದು ಲೇಸು. ದೆಹಲಿಯ ಚಳಿಗಾಲದಲ್ಲಿ ಅಡುಗೆಮನೆಯೇ ತಣ್ಣಗಿರುತ್ತದೆಂದು ಭಾವಿಸಿ ಈ ನಿಯಮವನ್ನು ಸಡಿಲಿಸಬಾರದು. ಮುಚ್ಚಿದ ಪಾತ್ರೆಯ ಒಳಗಿನ ಶಾಖ ಅಷ್ಟು ಬೇಗ ಇಳಿಯದು.

ನೀರಿನಲ್ಲಿ ರಾತ್ರಿಯಿಡೀ ನೆನೆಯಿಸಿ, ಹುಳಿ ಬಂದ ಮೇಲೆ ಮಜ್ಜಿಗೆಯೊಡನೆ ಉಣ್ಣುವ ತಂಗಳನ್ನದ ಮಾತೇನು ಎಂದು ಹಿರಿಯರು ಕೇಳಬಹುದು. ಅಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುವ ಬ್ಯಾಕ್ಟೀರಿಯಾಗಳು ಬೆಳೆದು, ಆ ಹುಳಿಯೇ ಇತರ ಸೂಕ್ಷ್ಮಜೀವಿಗಳನ್ನು ತಡೆಯಲು ನೆರವಾಗುತ್ತದೆ. ನೀರಿಲ್ಲದೆ ಪಾತ್ರೆಯಲ್ಲಿ ಸುಮ್ಮನೆ ಉಳಿದ ಅನ್ನಕ್ಕೂ ಅದಕ್ಕೂ ವ್ಯತ್ಯಾಸವಿದೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಸಮರ್ಥಿಸುವಂತಿಲ್ಲ.

ಚಪಾತಿ, ರೊಟ್ಟಿ ಮತ್ತು ಬೇಳೆ

ಉಳಿದ ಚಪಾತಿಯ ವಿಷಯದಲ್ಲಿ ಇಷ್ಟು ಕಳವಳ ಬೇಡ. ಅದರಲ್ಲಿ ತೇವಾಂಶ ಕಡಿಮೆ. ಚಪಾತಿಗಳನ್ನು ಚೂರುಚೂರಾಗಿ ಹರಿದು, ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಯಲ್ಲಿ ಬಾಡಿಸಿ, ಒಂದು ಹಿಡಿ ಹುರಿದ ಶೇಂಗಾ ಸೇರಿಸಿ, ಎರಡು ಚಮಚ ನೀರು ಚಿಮುಕಿಸಿ ಐದು ನಿಮಿಷ ಮುಚ್ಚಿದರೆ ರುಚಿಕರವಾದ ಉಪಾಹಾರವಾಗುತ್ತದೆ. ಗಟ್ಟಿಯಾದ ಜೋಳದ ರೊಟ್ಟಿಗೂ ಇದೇ ಕ್ರಮ. ಅದನ್ನು ಪುಡಿಮಾಡಿ ಮಜ್ಜಿಗೆಯಲ್ಲಿ ಸ್ವಲ್ಪ ಹೊತ್ತು ನೆನೆಯಿಸಿದರೆ ಮಾತ್ರ ಮೆತ್ತಗಾಗುತ್ತದೆ. ಉತ್ತರ ಭಾರತದ ಮನೆಗಳಲ್ಲಿ ಉಳಿದ ಗಟ್ಟಿ ಬೇಳೆಯನ್ನು ಗೋಧಿಹಿಟ್ಟಿಗೆ ಹಾಕಿ ನಾದಿ ಪರಾಠ ಮಾಡುವ ಪದ್ಧತಿಯಿದೆ. ನಮ್ಮ ತೊವ್ವೆಗೂ ಇದು ಹೊಂದುತ್ತದೆ.

ಡಬ್ಬಿಯ ಅಡುಗೆಯ ಮುಖ್ಯ ನ್ಯೂನತೆಯೆಂದರೆ ಅದು ಬರಿಯ ಧಾನ್ಯಮಯವಾಗಿಬಿಡುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನಾ ಕೋಷ್ಟಕಗಳ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇದ್ದರೆ, ಅಷ್ಟೇ ಹೆಸರುಬೇಳೆ ಅಥವಾ ಶೇಂಗಾದಲ್ಲಿ ಸುಮಾರು 24 ಗ್ರಾಂ ಇರುತ್ತದೆ. ಧಾನ್ಯದಲ್ಲಿ ಕಡಿಮೆ ಇರುವ ಲೈಸೀನ್ ಎಂಬ ಅಮೈನೋ ಆಮ್ಲ ಬೇಳೆಯಲ್ಲಿ ಹೇರಳವಾಗಿದೆ. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೊನೀನ್ ಧಾನ್ಯದಿಂದ ದೊರೆಯುತ್ತದೆ. ಆದುದರಿಂದ ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ ಸೇರಿದರೆ ಊಟ ಪೂರ್ಣವಾಗುತ್ತದೆ. ಅಕ್ಕಿ ಮತ್ತು ಹೆಸರುಬೇಳೆಯ ಹುಗ್ಗಿ ಕುಕ್ಕರಿನಲ್ಲಿ ಕಾಲು ಗಂಟೆಯ ಕೆಲಸ. ಬೇಳೆಯನ್ನು ನೆನೆಹಾಕುವ ಅಗತ್ಯವೂ ಇಲ್ಲ.

ಅದಕ್ಕೂ ವ್ಯವಧಾನವಿಲ್ಲದ ದಿನ ಉತ್ತರ ಕರ್ನಾಟಕದ ಪಿಟ್ಲ ನೆರವಿಗೆ ಬರುತ್ತದೆ. ಅರ್ಧ ಬಟ್ಟಲು ಕಡಲೆಹಿಟ್ಟನ್ನು ಎರಡು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಬೇಕು. ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಈರುಳ್ಳಿ ಹಾಕಿ ಬಾಡಿಸಿ, ಅರಿಶಿನ, ಉಪ್ಪು ಸೇರಿಸಿ, ಕಲಸಿದ ಹಿಟ್ಟನ್ನು ಸುರಿದು ಬಿಡದೆ ತಿರುವಬೇಕು. ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ ಕುದಿದು ಹಸಿ ವಾಸನೆ ಹೋದರೆ ಪಿಟ್ಲ ಸಿದ್ಧ. ಅವಸರದಲ್ಲಿ ಈ ಕುದಿತವನ್ನು ಮೊಟಕುಗೊಳಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಪುಣೆ, ಮುಂಬಯಿಯಲ್ಲಿರುವವರಿಗೆ ಇದರ ಗಟ್ಟಿ ರೂಪವಾದ ಜುಣಕ ಪರಿಚಿತ. ಬಿಸಿ ಅನ್ನಕ್ಕೂ, ಬಿಸಿ ಮಾಡಿದ ರೊಟ್ಟಿಗೂ ಇದು ಒಪ್ಪುತ್ತದೆ.

ಉಳಿದುದು ಯಾರ ಪಾಲು?

ಬಹುತೇಕ ಮನೆಗಳಲ್ಲಿ ಹೊಸ ಅಡುಗೆ ಎಲ್ಲರಿಗೂ, ಹಳೆಯದು ಗೃಹಿಣಿಗೆ ಎಂಬ ಅಲಿಖಿತ ಏರ್ಪಾಡು ನಡೆದುಬಂದಿದೆ. ಚೆಲ್ಲಬಾರದೆಂಬ ಭಾವನೆ ಶ್ಲಾಘನೀಯವಾದರೂ ಅದರ ಭಾರವನ್ನು ಒಬ್ಬರೇ ಹೊರುವುದು ನ್ಯಾಯವಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದುದು ಕಂಡುಬಂದಿತು. ಕೊನೆಯಲ್ಲಿ ಉಣ್ಣುವವರ ತಟ್ಟೆಗೆ ಬರಿಯ ತಣ್ಣನೆಯ ಅನ್ನ, ಉಪ್ಪಿನಕಾಯಿ ಮಾತ್ರ ಬಂದರೆ ಈ ಕೊರತೆ ನೀಗುವುದೆಂತು? ಉಳಿದ ಅನ್ನ ಚಿತ್ರಾನ್ನವಾದರೆ ಅದು ಎಲ್ಲರ ಎಲೆಗೂ ಬೀಳುತ್ತದೆ. ಹೊಸದಾಗಿ ಮಾಡಿದ ಬೇಳೆ, ಸೊಪ್ಪು ಅಮ್ಮನ ತಟ್ಟೆಗೂ ಬರುತ್ತದೆ. ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನಿಂಬೆರಸದಲ್ಲಿರುವ ಸಿ ಜೀವಸತ್ವ ಸಹಾಯಕ. ಒಲೆಯಿಂದ ಇಳಿಸಿದ ಮೇಲೆ ಹಿಂಡಿದರೆ ಅದು ಹೆಚ್ಚು ಉಳಿಯುತ್ತದೆ. ಊಟದೊಡನೆ ಚಹಾ ಕುಡಿದರೆ ಕಬ್ಬಿಣಾಂಶದ ಹೀರಿಕೆಗೆ ಅಡ್ಡಿಯಾಗುವುದರಿಂದ, ಚಹಾ ಒಂದು ಗಂಟೆ ತಡವಾಗಿಯೇ ಇರಲಿ.

ಒಂದು ವಾರ ಕಾಲ ದಿನವೂ ಎಷ್ಟು ಲೋಟ ಅಕ್ಕಿ ಹಾಕಲಾಯಿತು, ಎಷ್ಟು ಅನ್ನ ಉಳಿಯಿತು ಎಂಬುದನ್ನು ಕ್ಯಾಲೆಂಡರಿನ ಅಂಚಿನಲ್ಲಿ ಗುರುತು ಹಾಕಿಕೊಂಡರೆ ಆ ಮನೆಯ ಸರಿಯಾದ ಅಳತೆ ತಾನಾಗಿ ತಿಳಿಯುತ್ತದೆ. ಮರುದಿನದ ಚಿತ್ರಾನ್ನಕ್ಕೆಂದು ಉದ್ದೇಶಪೂರ್ವಕವಾಗಿ ಹೆಚ್ಚು ಬೇಯಿಸುವುದಾದರೆ, ಆ ಭಾಗವನ್ನು ಬಡಿಸುವ ಮೊದಲೇ ಬೇರೆ ತೆಗೆದು ಆರಿಸಿ ಫ್ರಿಜ್ಜಿನಲ್ಲಿಡತಕ್ಕದ್ದು.